ಹೊತ್ತಿಕೊಳ್ಳದ ಬೆಂಕಿ

ಕೃಷ್ಣೆಯ ದಂಡೆಯ ಒಂದು ಆಶ್ರಮದಲ್ಲಿ ಅಡವಯ್ಯ ಎಂಬ ಗುರುವಿದ್ದರು. ಸನ್ಯಾಸಕ್ಕೆ ಮೊದಲು ಅವರು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಆಶ್ರಮದ ಹಳೆಯ ವ್ಯಾನು ಓಡಿಸುತ್ತಿದ್ದ ಶಿಷ್ಯ ಮುದಕಪ್ಪನಿಗೆ ಧ್ಯಾನದ ಜೊತೆ ಆ ಕೆಲಸವನ್ನೂ ಕಲಿಸಿದ್ದರು.

"ಕರೆಂಟು ಮಿತಿ ಮೀರಿದರೆ ಗಾಡಿ ಸುಡಬಾರದು ಅಂತ ಫ್ಯೂಸ್ ಸುಡುತ್ತದೆ. ಅದರ ಜಾಗದಲ್ಲಿ ತಂತಿ ಕಟ್ಟಬೇಡ. ಯಾಕೆ ಸುಟ್ಟಿತು ಅಂತ ಹುಡುಕು," ಎಂದಿದ್ದರು.

ಒಂದು ಮಧ್ಯಾಹ್ನ ಆಶ್ರಮದ ಅಡುಗೆಯ ಹಂಪಮ್ಮನಿಗೆ ಎದೆನೋವು ಬಂತು. ಮುದಕಪ್ಪ ಇಲ್ಲಿಗೆ ಬಂದಾಗಿನಿಂದ ಅವಳ ಕೈಯ ರೊಟ್ಟಿ ತಿಂದವನು. ಅವಳನ್ನು ವ್ಯಾನಿನಲ್ಲಿ ಮಲಗಿಸಿ, ಅವಳ ತಮ್ಮ ಯಂಕೋಬನನ್ನೂ ಕರೆದುಕೊಂಡು ಪೇಟೆಯ ಆಸ್ಪತ್ರೆಗೆ ಹೊರಟ.

ಅರ್ಧ ದಾರಿಯಲ್ಲಿ ಎಂಜಿನ್ ನಿಂತಿತು. ಫ್ಯೂಸ್ ಸುಟ್ಟಿತ್ತು. ಬೇರೆಯದು ಹಾಕಿದ. ಅದೂ ಸುಟ್ಟಿತು.

ಫೋನ್ ಮಾಡಿದರೆ ಆಂಬುಲೆನ್ಸ್ ಎಲ್ಲೋ ದೂರದಲ್ಲಿತ್ತು. ದಾರಿಯಲ್ಲಿ ಬೇರೆ ಗಾಡಿಯ ಸುಳಿವಿರಲಿಲ್ಲ.

ಯಂಕೋಬ ಸಾಮಾನಿನ ಡಬ್ಬಿಯಿಂದ ತಾಮ್ರದ ತಂತಿ ತೆಗೆದ. ಲಾರಿಯವರೆಲ್ಲ ಹೀಗೇ ಕಟ್ಟಿ ಓಡಿಸುತ್ತಾರೆ, ಕಟ್ಟು ಎಂದ. ಮುದಕಪ್ಪ ಒಪ್ಪಲಿಲ್ಲ. ಯಂಕೋಬ ಅವನ ಕಾಲು ಹಿಡಿದ. ಆಗಲೂ ಒಪ್ಪಲಿಲ್ಲ.

ಸೀಟು ಎತ್ತಿ ಬಹಳ ಹೊತ್ತು ಹುಡುಕಿದ. ಒಂದು ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು, ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಪಕ್ಕದಲ್ಲೇ ಪೆಟ್ರೋಲಿನ ಪೈಪು ಜಿನುಗುತ್ತಿತ್ತು. ವೈರಿಗೆ ಟೇಪು ಸುತ್ತಿದ, ಪೈಪಿನ ಕ್ಲಿಪ್ಪು ಬಿಗಿ ಮಾಡಿದ, ಉಳಿದಿದ್ದ ಕೊನೆಯ ಫ್ಯೂಸ್ ಹಾಕಿದ. ಗಾಡಿ ಹೊರಟಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹಂಪಮ್ಮನ ಕೈ ಹಿಡಿದು ನೋಡಿದರು. ಸ್ವಲ್ಪ ಮೊದಲು ತರಬೇಕಿತ್ತು ಎಂದರು.

ಮಣ್ಣು ಮಾಡಿ ಬಂದ ಮೇಲೆ ಮುದಕಪ್ಪ ಸವೆದ ವೈರನ್ನು ಯಂಕೋಬನಿಗೆ ತೋರಿಸಿದ.

"ಬೆಂಕಿ ಹತ್ತಿತೇನು?" ಎಂದು ಯಂಕೋಬ ಕೇಳಿದ.

"ಇಲ್ಲ."

"ನಮ್ಮಕ್ಕ ಸತ್ತಳು."

ಮತ್ತೆ ಅವನು ಮುದಕಪ್ಪನ ಜೊತೆ ಮಾತಾಡಲಿಲ್ಲ. ಊಟದ ಪಂಕ್ತಿಯಲ್ಲಿ ಉಳಿದ ಶಿಷ್ಯರು ಮುದಕಪ್ಪನ ಎಡಬಲ ಖಾಲಿ ಬಿಡತೊಡಗಿದರು.

ಒಂದು ಬೆಳಿಗ್ಗೆ ಗುರು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಮುದಕಪ್ಪ ಹೋಗಿ ಪಕ್ಕದಲ್ಲಿ ನಿಂತ.

"ಅಜ್ಜಾರೆ, ನೀವು ಹೇಳಿದಂತೆ ಮಾಡಿದೆ. ಅದು ಸರಿಯೋ ತಪ್ಪೋ?"

"ಸರಿ."

"ತಂತಿ ಕಟ್ಟಿದ್ದರೆ?"

"ಮೂವರೂ ಸುಟ್ಟುಹೋಗುತ್ತಿದ್ದಿರಿ. ಇಲ್ಲವೇ ಆಸ್ಪತ್ರೆ ಮುಟ್ಟುತ್ತಿದ್ದಿರಿ. ನನಗೆ ಗೊತ್ತಿಲ್ಲ."

"ಗೊತ್ತಿಲ್ಲದೆ ಸರಿ ಅಂತ ಹೇಗೆ ಅನ್ನುತ್ತೀರಿ?"

"ನಿನಗೂ ಗೊತ್ತಿರಲಿಲ್ಲ. ಅದಕ್ಕೇ ಸರಿ."

ಮುದಕಪ್ಪ ಮರಳಿನ ಮೇಲೆ ಕೂತ.

"ಸರಿ ಮಾಡಿದವನಿಗೆ ಗಂಟಲಲ್ಲಿ ಅನ್ನ ಯಾಕೆ ಇಳಿಯುವುದಿಲ್ಲ, ಅಜ್ಜಾರೆ?"

ಗುರು ಒದ್ದೆ ಬಟ್ಟೆಯನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡರು.

"ಸರಿ ಮಾಡಿದರೆ ನೆಮ್ಮದಿ ಸಿಗುತ್ತದೆ ಅಂತ ನಾನು ನಿನಗೆ ಯಾವತ್ತಾದರೂ ಹೇಳಿದ್ದೆನೇ?"