ಕೈ ಮರೆತ ಹರಿಗೋಲು

ಹೊಳೆದಂಡೆಯ ಮಠದಲ್ಲಿ ಮಕ್ಕಳಿಗೆ ಓದು ಕಲಿಸುವ ಕೆಲಸವನ್ನು ಗುರುಗಳು ಶಿಷ್ಯ ಗಾದೆಪ್ಪನಿಗೆ ವಹಿಸಿದ್ದರು. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಕುರಿಗಾರರ ಮಗಳು ಮಾಳವ್ವ ದೀಪಾವಳಿ ಮುಗಿಸಿ ಹಿಂಡಿನ ಹಿಂದೆ ಹೋದವಳು ಮುಂಗಾರಿನ ಹೊತ್ತಿಗೆ ಮರಳಿದಳು.

ಹೋಗುವಾಗ ಗಳಗಳ ಓದುತ್ತಿದ್ದ ಹುಡುಗಿ. ಈಗ ಒಂದೊಂದೇ ಅಕ್ಷರ ಹೆಕ್ಕುತ್ತಿದ್ದಳು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತಿರುತ್ತಿತ್ತು.

ಗಾದೆಪ್ಪ ಅವಳನ್ನು ಮರಳಿನಲ್ಲಿ ಅಕ್ಷರ ತಿದ್ದುವ ಚಿಕ್ಕವರ ಜೊತೆ ಕೂರಿಸಿದ.

ಮರುದಿನ ಅವಳ ಬದಲು ತಾಯಿ ಬಂದಳು.

"ಕೂಸುಗಳ ಮಗ್ಗಲಕ ಕುಂದ್ರಾಕ ನಾಚಿಕಿ ಅಂತಾಳ್ರಿ. ಓದು ಹತ್ತಲಿಲ್ಲಂದ್ರ ಬಿಡ್ರಿ, ಕುರಿ ಹಿಂದ ಇರ್ತಾಳ."

ಗಾದೆಪ್ಪ ಅಜ್ಜಾರ ಬಳಿ ಹೋದ. "ಕಲಿತದ್ದೆಲ್ಲ ಹೋಗೇತ್ರಿ. ಮೊದಲಿನಿಂದ ಶುರು ಮಾಡಬೇಕು. ಅಕಿ ಒಪ್ಪವೊಲ್ಲಳು."

ಅಜ್ಜಾರು ಮೇಲೆದ್ದರು. "ನೀ ಅಂಬಿಗರ ಮಗ ಅಲ್ಲೇನು? ನನ್ನ ಆಚಿ ದಂಡಿಗೆ ಮುಟ್ಟಸು."

"ಹುಟ್ಟು ಹಿಡಿದು ವರ್ಷಗಟ್ಟಲೆ ಆತ್ರಿ ಅಜ್ಜಾರ."

"ನಂಗ ಈಸಾಕ ಬರೂದಿಲ್ಲ. ಅಷ್ಟು ನೆಪ್ಪಿಟ್ಕೋ."

ನಡುಹೊಳೆಯಲ್ಲಿ ಹರಿಗೋಲು ಬುಗುರಿಯಂತೆ ತಿರುಗತೊಡಗಿತು. ಹುಟ್ಟನ್ನು ಎತ್ತ ಹಾಕಲಿ, ಎಷ್ಟು ಎಳೆಯಲಿ ಎಂದು ಗಾದೆಪ್ಪ ಯೋಚಿಸಿದಷ್ಟೂ ಅದು ಹೆಚ್ಚು ತಿರುಗಿತು.

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೂಗಿದಳು: "ಗಾದೆಪ್ಪಣ್ಣ, ಅಜ್ಜಾರನ್ನ ತೊಟ್ಟಲದಾಗ ಹಾಕಿ ತೂಗಾಕತ್ತೀ ಏನು?"

"ಹಿಂದಕ್ಕ ಹೋಗೂಣ್ರಿ," ಗಾದೆಪ್ಪನ ಮುಖ ಬೆವೆತಿತ್ತು. "ನನ್ನ ಕೈ ಮರೆತೇತಿ."

ಅಜ್ಜಾರು ಹರಿಗೋಲಿನಲ್ಲಿದ್ದ ಇನ್ನೊಂದು ಹುಟ್ಟನ್ನು ನೀರಿಗೆ ಹಾಕಿದರು.

ಅವರು ಎಳೆದಾಗ ಇವನೂ ಎಳೆದ. ಬರಬರುತ್ತ ಇಬ್ಬರ ಎಳೆತ ಒಂದಾಯಿತು. ಗಾದೆಪ್ಪನ ಯೋಚನೆ ನಿಂತುಹೋಯಿತು. ಅಜ್ಜಾರು ತಮ್ಮ ಹುಟ್ಟನ್ನು ಯಾವಾಗ ತೊಡೆಯ ಮೇಲಿಟ್ಟುಕೊಂಡರೋ ಅವನು ಗಮನಿಸಲೇ ಇಲ್ಲ.

ಆಚೆ ದಂಡೆಯಲ್ಲಿ ಕುರಿಗಾರರ ಬಿಡಾರವಿತ್ತು. ಗಾದೆಪ್ಪನನ್ನು ಕಂಡ ಮಾಳವ್ವ ತಾಯಿಯ ಬೆನ್ನ ಹಿಂದೆ ಸರಿದಳು.

ಅವನು ಅವಳನ್ನು ಕರೆಯಲಿಲ್ಲ. ನೆಲದ ಮೇಲೆ ಕೂತು, ಜೋಳಿಗೆಯಿಂದ ಪುಸ್ತಕ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು, ತೋಳದ ಕಥೆಯೊಂದನ್ನು ಗಟ್ಟಿಯಾಗಿ ಓದತೊಡಗಿದ.

ತೋಳ ಹಟ್ಟಿಯ ಬಾಗಿಲಿಗೆ ಬರುವ ಹೊತ್ತಿಗೆ ಮಾಳವ್ವ ಅವನ ಮಗ್ಗುಲಲ್ಲಿದ್ದಳು.

"ಹಟ್ಟ್ಯಾಗ ನಾಯಿ ಇದ್ದಿಲ್ಲೇನ್ರಿ?"

"ನನಗೇನು ಗೊತ್ತು? ಇಬ್ಬರೂ ಕೂಡಿ ನೋಡೂಣ ಬಾ."

ಅವನ ದನಿಯ ಹಿಂದೆ ಅವಳ ದನಿ ತಡವರಿಸುತ್ತ ಬಂತು. ಆಮೇಲೆ ಪಕ್ಕದಲ್ಲಿ ಬಂತು. ಗಾದೆಪ್ಪ ತನ್ನ ದನಿ ತಗ್ಗಿಸಿದ. ಕಥೆಯಲ್ಲಿ ನಾಯಿ ಬೊಗಳುವ ಹೊತ್ತಿಗೆ ಮಾಳವ್ವ ಒಬ್ಬಳೇ ಓದುತ್ತಿದ್ದಳು. ನಡುವೆ ಒಂದು ಪದ ಹಾರಿಸಿದಳು.

ತಿದ್ದಲು ಗಾದೆಪ್ಪ ಬಾಯಿ ತೆರೆದ. ಅಜ್ಜಾರು ಅವನ ಭುಜ ಮುಟ್ಟಿದರು.

"ತಪ್ಪು ಎಲ್ಲಿಗೂ ಹೋಗೂದಿಲ್ಲ, ಗಾದೆಪ್ಪ. ಕಥಿ ಮುಂದಕ್ಕ ಹೋಗಲಿ."