ಘನಲಿಂಗಜ್ಜನವರು ಅನುಷ್ಠಾನ ಮುರಿದದ್ದು

ಪರಮಪೂಜ್ಯ ಶ್ರೀ ಘನಲಿಂಗಜ್ಜನವರು ಕಮತಗೇರಿಯಲ್ಲಿ ವಾಸವಾಗಿದ್ದ ಸ್ಥಳವನ್ನು ನಾವೆಲ್ಲ ಮಠ ಎಂದು ಕರೆಯುತ್ತಿದ್ದೆವು. ಅಜ್ಜನವರು ಮಾತ್ರ ಕೊನೆಯವರೆಗೂ ಅದನ್ನು 'ಬಣ್ಣದ ಮನಿ' ಎಂದೇ ಅನ್ನುತ್ತಿದ್ದರು. ಒಂದು ಕಾಲಕ್ಕೆ ನೇಕಾರರು ನೂಲಿಗೆ ಬಣ್ಣ ಹಾಕುತ್ತಿದ್ದ ಹಳೆಯ ಕಟ್ಟಡವದು. ಮುಂದೊಂದು ಪಡಸಾಲೆ, ಅದರ ನಡುವೆ ಅವರ ಗುರುಗಳ ಗದ್ದುಗೆ, ಹಿಂದೊಂದು ಕತ್ತಲೆ ಕೋಣೆ, ಇಷ್ಟೇ. ಎಷ್ಟು ಸಲ ಸುಣ್ಣ ಬಳಿದರೂ ಗೋಡೆಯೊಳಗಿನ ಹಳೆಯ ನೀಲಿ ಹೊರಗೆ ಒಸರುತ್ತಿತ್ತು. ಓಣಿಯ ಕೈಲಾಗದ ಮುದುಕಿಯರ ಪಾಲಿನ ಕೆಲಸವನ್ನು ಅಜ್ಜನವರು ತಾವೇ ರಾಟಿಯ ಮುಂದೆ ಕುಳಿತು ಮಾಡುತ್ತಿದ್ದರು. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿ ಅವರವರ ಮನೆಗೆ ಮುಟ್ಟಿಸುತ್ತಿದ್ದರು.

ಅಂಥ ಪುಣ್ಯಪುರುಷರ ಸನ್ನಿಧಿಯಲ್ಲಿ ಹದಿನೇಳು ವರ್ಷ ಇದ್ದೂ ನಾನು ಎಂಥ ಮೂರ್ಖನಾಗಿದ್ದೆ ಎಂಬುದನ್ನು ಮುಚ್ಚಿಟ್ಟು ಈ ಪ್ರಸಂಗವನ್ನು ಹೇಳಲು ಬರುವುದಿಲ್ಲ. ನಾನು ಆ ಊರಿನ ಕನ್ನಡ ಶಾಲೆಯ ಮಾಸ್ತರ, ಹೆಸರು ಕೊಟ್ರಪ್ಪ. ಮಠದ ಪತ್ರ ಬರೆಯುವುದು, ಭಜನೆಯ ಏರ್ಪಾಡು, ಭಕ್ತರನ್ನು ಸಾಲಾಗಿ ನಿಲ್ಲಿಸುವುದು ಎಲ್ಲವೂ ನನ್ನ ಪಾಲಿಗಿತ್ತು. ಯಾರೂ ವಹಿಸಿದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು.

ಶ್ರಾವಣ ಮಾಸದಲ್ಲಿ ನಮ್ಮೂರಿನ ಭಜನೆಯ ಮೇಳ ನಸುಕಿನಲ್ಲಿ ಓಣಿ ಓಣಿ ತಿರುಗುತ್ತದೆ. ಮೊದಲ ದಿನ ಮುಂದೆ ನಿಂತು ಹಾಡಿದವನೇ ತಿಂಗಳು ಮುಗಿಯುವವರೆಗೆ ಹಾಡಬೇಕು. ನಡುವೆ ದನಿ ಬದಲಾದರೆ ಊರಿಗೆ ಒಳ್ಳೆಯದಲ್ಲ ಎಂದು ಹಿರಿಯರ ಮಾತು. ಹನ್ನೆರಡು ವರ್ಷಗಳಿಂದ ಹಾಗೆ ಮುಂದೆ ನಿಂತವನು ನೇಕಾರ ರಾಚಪ್ಪ. ಅವನು ಬಾಯಿ ತೆರೆದರೆ ಮಲಗಿದ ಮಕ್ಕಳು ಎದ್ದು ಅಳದೆ ಕೇಳುತ್ತಿದ್ದವು.

ಆ ವರ್ಷ ಯುಗಾದಿಯಿಂದಲೇ ಅವನ ದನಿ ಕೆಟ್ಟಿತ್ತು. ಮೊದಲು ಗೊಗ್ಗರಾಯಿತು, ಬರುಬರುತ್ತ ಪಿಸುಮಾತಾಯಿತು. ಅವನ ಹೆಂಡತಿ ನಿಂಬೆವ್ವ ಕಾಡಿಬೇಡಿ ತಾಲೂಕಿನ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ಗಂಟಲಿನ ವೈದ್ಯೆ ಇಂದುಮತಿ ಹಂಪಿಹೊಳಿ ಎಂಬವರಿದ್ದರು. ಅವರು ಅವನ ನಾಲಿಗೆಯನ್ನು ಬಟ್ಟೆಯಿಂದ ಹಿಡಿದೆಳೆದು, ಸಣ್ಣ ಕನ್ನಡಿಯೊಂದನ್ನು ಬಾಯೊಳಗಿಟ್ಟು ನೋಡಿದರಂತೆ. ದನಿಪಟ್ಟಿಯ ಮೇಲೆ ಹಿಪ್ಪುನೇರಳೆ ಹಣ್ಣಿನಂಥ ಗಡ್ಡೆಯೊಂದು ಬೆಳೆದಿತ್ತು.

"ಹಾಡಿ ಹಾಡಿ ಬಂತೇನ್ರಿ ಇದು?" ಎಂದು ರಾಚಪ್ಪ ಕೇಳಿದನಂತೆ.

"ಚೀರಿ ಚೀರಿ ಬರೂ ಗಂಟು ಬ್ಯಾರೆ, ಬೀಡಿ ಸೇದಿ ಬರೂದು ಬ್ಯಾರೆ. ಕಣ್ಣಿಗೆ ಕಾಣದ ಸೋಂಕಿನಿಂದ ಬರೂ ನರಹುಲಿಯಂಥಾ ಗಂತಿನೂ ಇರ್ತಾವು. ತುಣುಕು ತಗದು ಪರೀಕ್ಷಾ ಮಾಡೂತನಕ ನಾನೂ ಹೇಳಾಕ ಬರೂದಿಲ್ಲ, ನಿಮ್ಮ ದೇವರೂ ಹೇಳೂದಿಲ್ಲ. ತಡಾ ಮಾಡಬ್ಯಾಡ್ರಿ. ಉಸಿರಾಡೂವಾಗ ಸಪ್ಪಳ ಬಂತಂದ್ರ ಇದ್ದ ಕೆಲಸಾ ಬಿಟ್ಟು ಓಡಿ ಬರ್ರಿ" ಎಂದು ಅವರು ಶಸ್ತ್ರಕ್ರಿಯೆಗೆ ದಿನ ಗೊತ್ತುಮಾಡಿ ಕಳಿಸಿದರು.

ಆ ದಿನ ಶ್ರಾವಣದ ಎರಡನೆಯ ವಾರದಲ್ಲಿ ಬಿತ್ತು; ಅಷ್ಟರಲ್ಲಿ ಅವನು ಪಿಸುದನಿಯಲ್ಲೇ ಮೇಳದ ಮುಂದೆ ನಿಂತಾಗಿತ್ತು. ಹೋಗಲೋ ಬೇಡವೋ ಎಂದು ರಾಚಪ್ಪ ನನ್ನನ್ನು ಕೇಳಿದ. ಅಜ್ಜನವರನ್ನು ಕೇಳದೆ ನನ್ನನ್ನು ಕೇಳಿದ್ದು ಅವನ ದುರ್ದೈವ. "ಶ್ರಾವಣ ಮುಗೀಲಿ ರಾಚಪ್ಪ. ಗುರುವಿನ ಪದಾ ಹಾಡೂ ಗಂಟಲಕ್ಕ ಕತ್ತಿ ಹಾಕಸ್ತಿಯೇನು?" ಎಂದೆ. ಮೆಣಸು, ಜೇನುತುಪ್ಪ, ಗದ್ದುಗೆಯ ಭಸ್ಮ ಕಲಸಿ ನೆಕ್ಕಲು ಕೊಟ್ಟೆ. ಅರ್ಧ ವೈದ್ಯ ಆಳನ್ನು ಕೊಂದ ಎಂಬ ಮಾತಿದೆ. ನಾನು ಅರ್ಧವೂ ಅಲ್ಲ.

ಶ್ರಾವಣದ ಕಡೆಯ ಹನ್ನೊಂದು ದಿನ ಅಜ್ಜನವರು ಅನುಷ್ಠಾನಕ್ಕೆ ಕೂಡುವುದು ವಾಡಿಕೆ. ಹಿಂದಿನ ಕೋಣೆಯ ಬಾಗಿಲು ಹಾಕಿತೆಂದರೆ ಹನ್ನೆರಡನೆಯ ದಿನ ಬೆಳಗಿಗೇ ತೆರೆಯುವುದು. ಕಿಂಡಿಯಲ್ಲಿ ದಿನಕ್ಕೊಮ್ಮೆ ಹಾಲಿಟ್ಟು ಬರಬೇಕು, ಮಾತಾಡಿಸಬಾರದು, ಬಾಗಿಲು ಮುಟ್ಟಬಾರದು. ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಅದು ಮುರಿದಿರಲಿಲ್ಲ.

ಅನುಷ್ಠಾನದ ನಾಲ್ಕನೆಯ ದಿನ ಬೆಳಿಗ್ಗೆ ರಾಚಪ್ಪ ಗದ್ದುಗೆಗೆ ನಮಸ್ಕರಿಸಲು ಬಂದು ಕುಳಿತ. ಬಾಯಿ ಮುಚ್ಚಿಯೇ ಇತ್ತು, ಆದರೂ ಅವನೊಳಗಿನಿಂದ ಒಂದು ನಾದ ಬರುತ್ತಿತ್ತು. ಉಸಿರು ಒಳಗೆಳೆದಾಗಲೆಲ್ಲ ದೀರ್ಘವಾಗಿ, ಒಂದೇ ಶ್ರುತಿಯಲ್ಲಿ. ನಾನು ಕಿವಿಗೊಟ್ಟು ಕೇಳಿದೆ. ಮೈಮೇಲಿನ ಕೂದಲು ನಿಮಿರಿದವು. "ಓಂಕಾರ! ಗುರು ಇವನ ಗಂಟಲೊಳಗ ಓಂಕಾರ ಇಟ್ಟಾನ!" ಎಂದು ಕೂಗಿಬಿಟ್ಟೆ.

ಸಂಜೆಯಷ್ಟರಲ್ಲಿ ಊರೇ ನೆರೆಯಿತು. ಮರುದಿನ ಪಕ್ಕದ ಎರಡು ಹಳ್ಳಿಯವರು ಕಾಯಿ ಕರ್ಪೂರ ಹಿಡಿದು ಬಂದರು. ನಾನು ರಾಚಪ್ಪನನ್ನು ಗದ್ದುಗೆಯ ಮುಂದೆ ಚಾಪೆಯ ಮೇಲೆ ಕೂರಿಸಿ ಹಾರ ಹಾಕಿದೆ. ಅನ್ನ ನುಂಗಲಾಗದೆ ಅವನು ತಟ್ಟೆ ಸರಿಸಿದರೆ 'ನಿರಾಹಾರ' ಎಂದು ಸಾರಿದೆ. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವನು ಕುಳಿತೇ ಇದ್ದ. ಅದನ್ನು ತಪಸ್ಸು ಎಂದೆ. ಅವನು ನನ್ನನ್ನು ನೋಡುತ್ತಿದ್ದ ಕಣ್ಣುಗಳು ನನಗೆ ಈಗಲೂ ಕಾಣುತ್ತವೆ. ಅವು ಬೇಡುತ್ತಿದ್ದವು. ನಾನು ಅದನ್ನು ಭಕ್ತಿ ಎಂದು ತಿಳಿದೆ.

ನಿಂಬೆವ್ವ ನನ್ನ ಕಾಲು ಹಿಡಿದಳು. "ಓಂಕಾರ ಅಲ್ರಿ ಮಾಸ್ತರ, ಅವರಿಗೆ ಉಸಿರಾಡಾಕ ಆಗವಲ್ದು. ಅಜ್ಜಾರನ್ನ ಒಂದು ಮಾತು ಕೇಳ್ರಿ."

"ಅನುಷ್ಠಾನದೊಳಗ ಅದಾರ. ನಿನ್ನ ಗಂಡನ ಪುಣ್ಯಾ ನೀನ ಕೆಡಿಸಬ್ಯಾಡ" ಎಂದೆ. ಅವಳು ಎದ್ದು ಕಣ್ಣೊರೆಸಿಕೊಂಡು ಹೋದಳು. ಆರನೆಯ ದಿನ ಮೊದಲನೆಯ ಬಸ್ಸಿಗೆ ಅವಳು ತಾಲೂಕಿಗೆ ಹೋದದ್ದು ನನಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಮಠದ ಮುಂದೆ ಜೀಪು ನಿಂತಿತು. ವೈದ್ಯೆ ಇಳಿದರು, ಹಿಂದೆ ನಿಂಬೆವ್ವ. ಹೊಸ್ತಿಲಲ್ಲೇ ಅವರಿಗೆ ಆ ನಾದ ಕೇಳಿಸಿತು. ಸಾಲನ್ನು ಸೀಳಿಕೊಂಡು ಬಂದು ರಾಚಪ್ಪನ ಕೊರಳಿನ ಹಾರ ಕಿತ್ತೆಸೆದರು. ಪ್ರತಿ ಉಸಿರಿಗೂ ಅವನ ಕೊರಳ ಕೆಳಗಿನ ಕುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಉಗುರುಗಳು ನೀಲಿಗಟ್ಟಿದ್ದವು. ಮೂರು ದಿನ ಎದುರಿಗೇ ಕುಳಿತಿದ್ದ ನಾನು ಅವನ್ನು ನೋಡಿಯೇ ಇರಲಿಲ್ಲ.

"ಎಷ್ಟು ದಿನಾತು ಈ ಸಪ್ಪಳಾ?"

"ಮೂರು ದಿನಾತ್ರಿ. ಅದು ಸಪ್ಪಳಲ್ಲ, ಓಂಕಾರ" ಎಂದೆ.

"ನಿಮ್ಮ ಓಂಕಾರ ಇನ್ನೊಂದು ತಾಸಿಗೆ ಬಂದ್ ಆಗ್ತೈತಿ, ಮಾಸ್ತರ" ಎಂದರು ಅವರು. "ಗಡ್ಡಿ ಬೆಳದು ಉಸಿರಿನ ದಾರಿ ಮುಚ್ಚೈತಿ. ಆಸ್ಪತ್ರೆ ಎರಡು ತಾಸಿನ ಹಾದಿ, ಅಲ್ಲೀತನಕ ಇವರು ಉಳಿಯೂದಿಲ್ಲ. ಗಡ್ಡಿ ಕೆಳಗ ಕೊರಳಿಗೆ ತೂತು ಮಾಡಿ ನಳಿಗಿ ಇಡಬೇಕು. ಈಗ, ಇಲ್ಲೇ."

ಪಡಸಾಲೆಯಲ್ಲಿ ಗದ್ದಲವೆದ್ದಿತು. ಗದ್ದುಗೆಯ ಮುಂದೆ ರಕ್ತ ಬೀಳಬಾರದೆಂದು ಹಿರಿಯರು ಅಡ್ಡ ನಿಂತರು. ಎಲ್ಲಕ್ಕಿಂತ ಹೆಚ್ಚಾಗಿ ರಾಚಪ್ಪನೇ ಎರಡೂ ಕೈಯಿಂದ ಕೊರಳು ಮುಚ್ಚಿಕೊಂಡು ತಲೆ ಅಲ್ಲಾಡಿಸಿದ, ಹಿಂದಿನ ಕೋಣೆಯ ಕಡೆ ಬೆರಳು ತೋರಿಸಿದ. ಅಜ್ಜನವರು ಹೇಳದೆ ಅವನು ಕೊರಳು ಕೊಡುವವನಲ್ಲ.

ವೈದ್ಯೆ ನೇರ ಆ ಬಾಗಿಲಿಗೆ ಹೋದರು. ನಾನು ಓಡಿಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಮೂವತ್ತೊಂದು ವರ್ಷದಾಗ ಯಾರೂ ಈ ಬಾಗಿಲಾ ಮುಟ್ಟಿಲ್ಲ!"

"ಸರೀರಿ. ನಾ ಮಠಾ ಮಂತ್ರ ನಂಬಾಕಿ ಅಲ್ಲ. ಒಳಗಿರೋರು ನಿಮ್ಮ ಗುರುಗಳಾದ್ರ, ಸಾಯ್ಲಿ ಬಿಡು ಅಂತ ಅವರ ಬಾಯಿಂದನ ಹೇಳಿಸ್ರಿ. ನಾ ಹೊಳ್ಳಿ ಹೋಗ್ತೀನಿ." ನನ್ನ ಭುಜದ ಮೇಲಿನಿಂದ ಕೈ ಚಾಚಿ ಬಾಗಿಲನ್ನು ದಬದಬ ಬಡಿದರು.

ಗದ್ದಲವೆಲ್ಲ ಅಡಗಿತು. ರಾಚಪ್ಪನ ನಾದವೊಂದೇ ಕೇಳುತ್ತಿತ್ತು, ಮೊದಲಿಗಿಂತ ಸಣ್ಣಗೆ, ಮೊದಲಿಗಿಂತ ಬೇಗ ಬೇಗ. ಒಳಗೆ ಅಗಳಿ ಸರಿದ ಸದ್ದಾಯಿತು.

ಅಜ್ಜನವರು ಹೊರಗೆ ಬಂದರು. ಆರು ದಿನ ಬರೀ ಹಾಲಿನ ಮೇಲಿದ್ದ ದೇಹ, ಗೋಡೆ ಹಿಡಿದು ನಡೆದರು. ಯಾರನ್ನೂ ಏನೂ ಕೇಳಲಿಲ್ಲ. ರಾಚಪ್ಪನ ಪಕ್ಕ ಕುಳಿತು ಅವನ ಬಾಯಿಯ ಹತ್ತಿರ ಕಿವಿಯಿಟ್ಟು ಎರಡು ಉಸಿರು ಕೇಳಿದರು.

"ಓಂಕಾರಲ್ಲಪಾ ಇದು. ಉಸಿರು ದಾರಿ ಸಿಗದ ಒದ್ದಾಡಾಕ ಹತ್ತೈತಿ" ಎಂದರು. ರಾಚಪ್ಪನ ಕೈಗಳನ್ನು ಕೊರಳಿನಿಂದ ಮೆಲ್ಲಗೆ ಬಿಡಿಸಿದರು. ಅವನು ಬಿಟ್ಟುಕೊಟ್ಟ.

ಹಿರಿಯರೊಬ್ಬರು, "ಬುದ್ಧೀ, ಗದ್ದುಗಿ ಮುಂದ ರಗತಾ..." ಎಂದರು.

ಅಜ್ಜನವರು ಅವರ ಕಡೆ ತಿರುಗಲಿಲ್ಲ. ವೈದ್ಯೆಗೆ, "ನೆಲಾ ನಾ ಒರಸ್ತೀನಿ. ನೀ ನಿನ್ನ ಕೆಲಸಾ ಮಾಡು ತಂಗಿ" ಎಂದರು.

ರಾಚಪ್ಪನ ಕೊರಳಲ್ಲಿ ಇಷ್ಟಲಿಂಗದ ಶಿವದಾರವಿತ್ತು. ಅದನ್ನು ಅಜ್ಜನವರೇ ತೆಗೆದು, ಕರಡಿಗೆಯ ಸಮೇತ ಇಷ್ಟಲಿಂಗವನ್ನು ರಾಚಪ್ಪನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಅವನನ್ನು ಮಲಗಿಸಿ, ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಅಲುಗದಂತೆ ಹಿಡಿದರು. ವೈದ್ಯೆ ಮರಗಟ್ಟುವ ಸೂಜಿ ಚುಚ್ಚಿದರು, ಕತ್ತಿ ತೆಗೆದರು. ಅಷ್ಟರಲ್ಲಿ ನಾದ ನಿಂತುಹೋಯಿತು.

ನಿಂತೇಹೋಯಿತು. ಎದೆ ಏಳಲಿಲ್ಲ. ನಿಂಬೆವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಅವನನ್ನು ಕೊಂದವನು ನಾನು ಎಂದು ಆ ಗಳಿಗೆಯಲ್ಲಿ ನನಗೆ ಸ್ಪಷ್ಟವಾಗಿ ಗೊತ್ತಾಯಿತು. ವೈದ್ಯೆಯ ಬೆರಳು ಕೊರಳ ಮೇಲೆ ಜಾಗ ಹುಡುಕಿ, ತಪ್ಪಿ, ಮತ್ತೆ ಹುಡುಕಿದ್ದನ್ನು ಕಂಡೆ. ಅಜ್ಜನವರೂ ಕಂಡರು. "ಅವಸರಿಲ್ಲ ತಂಗಿ" ಎಂದರು, ಕಂಡಿಕೆ ಸುತ್ತುವವರಿಗೆ ಹೇಳುವಂತೆ. ಬೆರಳು ಜಾಗ ಹಿಡಿಯಿತು. ಕತ್ತಿ ಇಳಿಯಿತು.

ಒಂದು ಕೆಮ್ಮು. ಕೊರಳಿನಿಂದ ಗಾಳಿ ಬುಸ್ಸೆಂದು ನುಗ್ಗಿ ರಕ್ತದ ಹನಿಗಳು ಅಜ್ಜನವರ ಮುಖಕ್ಕೂ ಕಾವಿಗೂ ಸಿಡಿದವು. ವೈದ್ಯೆ ಲೋಹದ ಬಾಗಿದ ನಳಿಕೆಯನ್ನು ಒಳಗಿಟ್ಟು ದಾರ ಕಟ್ಟಿದರು. ರಾಚಪ್ಪನ ಎದೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಉಗುರಿಗೆ ಕೆಂಪು ಮರಳಿತು.

ಅವನನ್ನು ಜೀಪಿಗೆ ಏರಿಸುವಷ್ಟರಲ್ಲಿ ಅಜ್ಜನವರು ತಂಬಿಗೆಯಿಂದ ವೈದ್ಯೆಯ ಕೈಗೆ ನೀರು ಹಾಕಿದರು, ಆಮೇಲೆ ಮೊಣಕಾಲೂರಿ ಕುಳಿತು ನೆಲ ಒರೆಸತೊಡಗಿದರು. ನಾನು ಅರಿವೆ ಕಸಿದುಕೊಳ್ಳಲು ಹೋದೆ, ಕೊಡಲಿಲ್ಲ. ಕಾಲಿಗೆ ಬಿದ್ದೆ. "ನನಗ ಶಿಕ್ಷಾ ಕೊಡ್ರಿ ಬುದ್ಧೀ" ಎಂದು ಅತ್ತೆ.

"ಅವನ ನಳಿಗಿ ತೊಳಿ ಹೋಗು" ಎಂದರು ಅಜ್ಜನವರು, ಅಷ್ಟೇ. ನೆಲ ಒರೆಸಿ ಮುಗಿಸಿ ಒಳಗೆ ಹೋಗಿ ಅಗಳಿ ಹಾಕಿಕೊಂಡರು. ಅನುಷ್ಠಾನ ಮೊದಲನೆಯ ದಿನದಿಂದ ಮತ್ತೆ ಸುರುವಾಯಿತು.

ಆ ಮಾತಿನ ಅರ್ಥ ಆಸ್ಪತ್ರೆಯಲ್ಲಿ ತಿಳಿಯಿತು. ಕೊರಳಿನ ನಳಿಕೆಯೊಳಗೆ ಇನ್ನೊಂದು ಸಣ್ಣ ನಳಿಕೆ ಇರುತ್ತದೆ. ಕಫ ಬಂದು ಅದು ಕಟ್ಟಿಕೊಳ್ಳುತ್ತದೆ. ಗಳಿಗೆಗೊಮ್ಮೆ ಹೊರತೆಗೆದು ಕುದಿಸಿದ ನೀರಿನಲ್ಲಿ ತೊಳೆದು ಇಡದಿದ್ದರೆ ಉಸಿರು ನಿಲ್ಲುತ್ತದೆ. ಬೇರೆಯವರ ಲೋಟ ಮುಟ್ಟಿದರೆ ಮೂರು ಸಲ ಕೈ ತೊಳೆಯುವವನು ನಾನು. ಮೊದಲ ದಿನ ಹೊರಗೋಡಿ ವಾಂತಿ ಮಾಡಿಕೊಂಡೆ. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ವೈದ್ಯೆ ಅವನಿಗೆ ಪ್ರಜ್ಞೆ ತಪ್ಪಿಸಿ ಗಡ್ಡೆ ತೆಗೆದರು. ಸೀಸೆಯಲ್ಲಿಟ್ಟು ನನಗೆ ತೋರಿಸಿ, "ನೋಡ್ರಿ ಮಾಸ್ತರ, ಇದಕ್ಕ ಕಾಯಿ ಒಡಸೀರಿ ನೀವು" ಎಂದರು. ಪರೀಕ್ಷೆಯ ವರದಿ ಬರಲು ಒಂದು ವಾರ. ಅದು ಕೆಟ್ಟ ಗಡ್ಡೆಯಾಗಿದ್ದರೆ ಉಳಿಸಿದ್ದೂ ವ್ಯರ್ಥವಾಗಬಹುದಿತ್ತು.

ಒಂದು ಮಧ್ಯಾಹ್ನ ನಿಂಬೆವ್ವ ಹೊರಗೆ ಹೋಗಿದ್ದಳು, ನರ್ಸ್ ಇರಲಿಲ್ಲ. ಮಂಚ ಬಡಿದ ಸದ್ದಿಗೆ ತಿರುಗಿದೆ. ರಾಚಪ್ಪನ ಕಣ್ಣು ಹೊರಬಂದಿದ್ದವು, ಕೈ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿತ್ತು. ಒಳನಳಿಕೆ ಎಳೆದೆ, ಬರಲಿಲ್ಲ. ತಿರುಗಿಸಿ ಎಳೆದೆ. ಗಟ್ಟಿ ಕಫದ ಬಿರಡೆಯೊಂದಿಗೆ ಅದು ಕೈಗೆ ಬಂತು. ಗಾಳಿ ಹೊಕ್ಕಿತು. ಅವನು ನನ್ನ ಮಣಿಕಟ್ಟು ಹಿಡಿದವನು ಬಹಳ ಹೊತ್ತು ಬಿಡಲೇ ಇಲ್ಲ. ಅಂದಿನಿಂದ ಊಟಕ್ಕೆ ಹೋಗಲೂ ನನಗೆ ಹೆದರಿಕೆ. ಚಹಾದ ಮೇಲೆ ದಿನ ಕಳೆದೆ. ವಾಂತಿ ಬರುವುದು ಯಾವಾಗ ನಿಂತಿತೋ ನೆನಪಿಲ್ಲ. ಒಂದು ಹೆದರಿಕೆ ಮಾತ್ರ ನಿಲ್ಲಲಿಲ್ಲ. ದನಿ ಬಂದ ದಿನ ಇವನು ನನಗೆ ಮೊದಲು ಏನು ಅಂದಾನು? ಏನಂದರೂ ನ್ಯಾಯವೇ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ.

ಆಸ್ಪತ್ರೆಗೆ ಬಂದ ಹತ್ತನೆಯ ದಿನ ವೈದ್ಯೆ ಕಾಗದ ಹಿಡಿದು ಬಂದರು. "ಕೆಟ್ಟ ಗಡ್ಡಿ ಅಲ್ಲ. ಸೋಂಕಿನಿಂದ ಬರೂ ಗಂತಿ. ಮತ್ತ ಬೆಳೀಬಹುದು, ಮೂರು ತಿಂಗಳಿಗೊಮ್ಮೆ ತೋರಸಬೇಕು. ಬೀಡಿ ಮುಟ್ಟಬಾರದು. ದನಿ ಮೊದಲಿನಂಗ ಆಗೂದಿಲ್ಲ, ಈಗ ಹೇಳಿರ್ತೀನಿ" ಎಂದರು. ನಿಂಬೆವ್ವ ಕುಸಿದು ಕುಳಿತಳು. ವೈದ್ಯೆ ನನ್ನತ್ತ ತಿರುಗಿ, ದನಿ ತಗ್ಗಿಸಿ ಕೇಳಿದರು: "ನಿಮ್ಮ ಅಜ್ಜಾರ ಅನುಷ್ಠಾನ ಎಂದು ಮುಗೀತೈತಿ? ಆ ದಿನಾ ನನಗ ಹೇಳಿ ಕಳಸ್ರಿ. ನಾ ಬರಬೇಕು."

ಆಮೇಲೆ ರಾಚಪ್ಪನ ಬೆರಳನ್ನು ಹಿಡಿದು ನಳಿಕೆಯ ಬಾಯಿಗೆ ಇಟ್ಟರು. "ಹಿಂಗ ಮುಚ್ಚಿ ಮಾತಾಡ್ರಿ. ಗಾಳಿ ಮ್ಯಾಲೆ ಹೋಗ್ಲಿ."

ಅವನು ಹೆಂಡತಿಯನ್ನು ನೋಡಿದ. ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಒಡಕು ದನಿಯೊಂದು, ಮೊದಲಿನ ಹಾಡಿನ ಒಂದು ಎಳೆಯೂ ಇಲ್ಲದ್ದು, ನಿಧಾನವಾಗಿ ಬಂತು.

"ಮಾಸ್ತರ... ಉಂಡ್ರೇನು?"

ನಾನು ಅವನ ಮಂಚದ ಅಂಚಿಗೆ ಹಣೆ ಹಚ್ಚಿ ಅತ್ತೆ. ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಹೋಗಿ ಉಂಡು ಬರ್ರಿ" ಎಂದ ರಾಚಪ್ಪ.

ಗುರುವಾಕ್ಯ ಮೀರಬಾರದೆಂದು ಎದ್ದು ಹೋಗಿ ಉಂಡು ಬಂದೆ.