ಸವಾರನ ಹೆಗಲು

"ಬುದ್ಧಿ, ತಪ್ಪು ಮಾಡಿದವನು ಇನ್ನೂ ಏನೇನು ಮಾಡಿದರೆ ನೊಂದವರ ಮನಸ್ಸು ತಿರುಗುತ್ತದೆ?"

ಕರಿಬಸವ ಇದನ್ನು ಕೇಳಿದ್ದು ಮಠದ ಹಜಾರದಲ್ಲಿ, ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ. ಉಳಿದ ಭಕ್ತರು ಎದ್ದು ಹೋಗಿದ್ದರು. ಅವನೊಬ್ಬ ಕಂಬಕ್ಕೆ ಒರಗಿ ಕೂತಿದ್ದ. ಅವನ ಮಗಳು ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನ ಮನೆ ಬಿಟ್ಟು ಬಂದಿದ್ದಳು. ಆ ಸಂಬಂಧ ಗೊತ್ತು ಮಾಡಿದವನು ಅವನೇ. ಈಗ ಅವಳು ಊಟ ಬಡಿಸುತ್ತಾಳೆ, ಕೇಳಿದ್ದಕ್ಕೆ ಹೂಂ ಉಹೂಂ ಅನ್ನುತ್ತಾಳೆ, ಅದರ ಮೇಲೆ ಅಪ್ಪನ ಜೊತೆ ಒಂದು ಮಾತು ಆಡುವುದಿಲ್ಲ. ಕರಿಬಸವ ರಾತ್ರಿಯೂಟ ಬಿಟ್ಟ. ಬರಿಗಾಲಲ್ಲಿ ಬೆಟ್ಟ ಹತ್ತಿ ಬಂದ. ಮಗಳಿಗೆ ಹೊಲಿಗೆ ಯಂತ್ರ ತಂದುಕೊಟ್ಟ. ಸೋಮವಾರ ಸೋಮವಾರ ಮೌನ ಹಿಡಿದ.

"ನೀನು ಮೌನ ಹಿಡಿದರೆ ಅವಳಿಗೆ ಮಾತು ಬರುತ್ತದೆಯೇನಯ್ಯಾ?" ಎಂದರು ಗುರುಗಳು.

"ಜೀವ ಹಣ್ಣಾಗಿದೆ ಬುದ್ಧಿ. ಇನ್ನೊಂದು ವ್ರತ ಇದ್ದರೆ ಹೇಳಿ, ಅದನ್ನೂ ಮಾಡುತ್ತೇನೆ."

ಗುರುಗಳು ಕಾಲು ನೀಡಿ ಮೊಣಕಾಲನ್ನು ನೀವಿಕೊಂಡರು. ಅವರಿಗೂ ವಯಸ್ಸಾಗಿತ್ತು, ಬೆಳಗಿನಿಂದ ಬಂದವರಿಗೆಲ್ಲ ಸಮಾಧಾನ ಹೇಳಿ ದಣಿದಿದ್ದರು. "ವ್ರತಗಳು ಬೇಕಾದಷ್ಟಿವೆ, ಓಡಿಹೋಗುವುದಿಲ್ಲ. ಮೊದಲು ಒಂದು ಕತೆ ಕೇಳು. ಬೈಕಿನ ಕತೆ."

ಕರಿಬಸವ ತಲೆಯೆತ್ತಿದ.

"ಯಾಕೆ, ಬೈಕಿನವರಿಗೆ ಕಷ್ಟ ಬರಬಾರದೇ? ಇಲ್ಲಿಗೆ ಬರುವವರಲ್ಲಿ ಅರ್ಧ ಜನ ನನಗೆ ಕೈಮುಗಿಯುವ ಮೊದಲು ತಮ್ಮ ಗಾಡಿ ನೆರಳಿನಲ್ಲಿದೆಯೇ ಎಂದು ತಿರುಗಿ ನೋಡುತ್ತಾರೆ. ಅವರನ್ನು ನೋಡಿ ನೋಡಿ ನನಗೂ ಒಂದಿಷ್ಟು ಗೊತ್ತಾಗಿದೆ. ಕೇಳು."

ಒಂದು ಊರಿನಲ್ಲಿ ಕನ್ನಡಕದ ಅಂಗಡಿಯವನೊಬ್ಬನಿದ್ದ. ಅವನಿಗೆ ಬೈಕಿನ ಹುಚ್ಚು. ಹುಚ್ಚು ಅಂದರೆ ಸಣ್ಣಪುಟ್ಟದಲ್ಲ. ಅಂಗಡಿಯ ಮುಂದೆ ಹೊಸ ಗಾಡಿಯೊಂದು ಹಾದು ಹೋದರೆ ಗಿರಾಕಿಯ ಮೂಗಿನ ಮೇಲೆ ಕನ್ನಡಕ ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಬರುತ್ತಿದ್ದ. ಆದರೆ ಒಬ್ಬನೇ ಸುತ್ತುವುದು ಅವನಿಗೆ ಸೇರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿ ಇರಬೇಕು. ಅವಳಿಗೂ ಅದು ಇಷ್ಟವೇ. ರಜೆಯ ದಿನ ಅಡುಗೆ ಬೇಗ ಮುಗಿಸಿ, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, "ನಡೀರಿ" ಎಂದು ಅವಳೇ ಮೊದಲು ಹೊರಗೆ ನಿಲ್ಲುತ್ತಿದ್ದಳು. ಅವರ ಸಂಸಾರದ ಸುಖ ಏನಿತ್ತೋ ಅದರಲ್ಲಿ ಹೆಚ್ಚಿನದು ಆ ಸೀಟಿನ ಮೇಲೆಯೇ ಇತ್ತು.

ಒಮ್ಮೆ ಇಬ್ಬರೂ ಅವಳ ತಂಗಿಯ ಊರಿಗೆ ಹೊರಟರು. ದಾರಿ ಖಾಲಿಯಿತ್ತು. ಖಾಲಿ ದಾರಿ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಒಂದು ತಿರುವಿನಲ್ಲಿ ಯಾರೋ ಜಲ್ಲಿ ಚೆಲ್ಲಿಕೊಂಡು ಹೋಗಿದ್ದರು. ಗಾಡಿ ಜಾರಿತು. ಅವನಿಗೆ ಮೊಣಕೈ ತರಚಿತು, ಅಷ್ಟೇ. ಅವಳ ಹೆಗಲ ಮೂಳೆ ಮುರಿಯಿತು.

ಮೂಳೆ ಕೂಡಿಕೊಂಡಿತು. ಅವಳು ಮೊದಲಿನ ಹಾಗೆ ನೀರು ಸೇದಿದಳು, ರೊಟ್ಟಿ ತಟ್ಟಿದಳು, ನಕ್ಕಳು ಕೂಡ. ಗಾಡಿ ಮಾತ್ರ ಹತ್ತಲಿಲ್ಲ. ಅವನು ಕರೆದಾಗಲೆಲ್ಲ, "ನೀವು ಹೋಗಿರಿ, ನಾನು ಬಸ್ಸಿಗೆ ಬರ್ತೀನಿ" ಎನ್ನುತ್ತಿದ್ದಳು. ಕೋಪವಿಲ್ಲ, ಅಳುವಿಲ್ಲ. ಒಂದೇ ಮನೆಯಿಂದ ಹೊರಟವರು ಒಂದೇ ಮದುವೆಗೆ ಬೇರೆ ಬೇರೆಯಾಗಿ ತಲುಪತೊಡಗಿದರು. ಅವನು ಮೊದಲೇ ಹೋಗಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಅವಳು ಇಳಿದು ಕಲ್ಯಾಣ ಮಂಟಪದ ಕಡೆ ನಡೆಯುತ್ತಿದ್ದಳು. ಅವನು ಅವಳ ಪಕ್ಕದಲ್ಲಿ ಗಾಡಿ ತಳ್ಳಿಕೊಂಡು ನಡೆಯುತ್ತಿದ್ದ. ನೋಡಿದವರು, "ಏನ್ರೀ, ಪೆಟ್ರೋಲ್ ಮುಗೀತಾ?" ಎಂದು ಕೇಳುತ್ತಿದ್ದರು. ಅವನು ಹೂಂ ಅನ್ನುತ್ತಿದ್ದ. ಇನ್ನೇನು ಹೇಳಿಯಾನು ಪಾಪ?

ಅವಳು ಮತ್ತೆ ಹಿಂದೆ ಕೂರಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಅದು ಹೇಗೆ ಎಂದು ಯೋಚಿಸಿ ಯೋಚಿಸಿ, ತಪ್ಪು ಗಾಡಿಯದ್ದೇ ಎಂದು ತೀರ್ಮಾನಿಸಿದ. ಅದನ್ನು ಮಾರಿದ.

ಆಮೇಲೆ ಶುರುವಾಯಿತು ನೋಡು ಅವನ ಅಲೆದಾಟ. ಶೋರೂಮಿನಿಂದ ಶೋರೂಮಿಗೆ ಹೋದ. ಎತ್ತರದ ಗಾಡಿ ಓಡಿಸಿ ನೋಡಿದ, ನಿಲ್ಲಿಸಿದರೆ ಕಾಲು ನೆಲಕ್ಕೆ ಸಿಗಲಿಲ್ಲ. ಮುಂದಕ್ಕೆ ಬಗ್ಗಿ ಕೂರುವ ಗಾಡಿ ನೋಡಿದ, ಮಣಿಕಟ್ಟು ನೋವು ಬಂತು, ಹಿಂದೆ ಕೂರುವವರಿಗೆ ಬೆಕ್ಕು ಕೂರುವಷ್ಟು ಜಾಗವೂ ಇರಲಿಲ್ಲ. ಭಾರದ ಗಾಡಿಯೊಂದನ್ನು ತಂದ. ಅದು ದಾರಿಯಲ್ಲಿ ಕಲ್ಲಿನ ಹಾಗೆ ಕೂತು ಓಡುತ್ತದೆ, ಅಲುಗುವುದಿಲ್ಲ ಎಂದು ಎಲ್ಲರೂ ಹೊಗಳಿದ್ದರು. ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಮಾಡಿದ. ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಚೆನ್ನಾಗಿದೆ" ಎಂದಳು. ಒಳಗೆ ಹೋದಳು. ಅದನ್ನೂ ಕೊಟ್ಟು, ಎಷ್ಟು ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಜಾರದ ಇನ್ನೊಂದನ್ನು ತಂದ. ಆಗಲೂ ಚೆನ್ನಾಗಿದೆ ಎಂದಳು.

ಗಾಡಿಯ ಗೆಳೆಯರ ಗುಂಪೊಂದಿತ್ತು. ಭಾನುವಾರ ಬೆಳಗ್ಗೆ ಹೆದ್ದಾರಿಯ ಹೋಟೆಲಿನಲ್ಲಿ ಇಡ್ಲಿ ತಿಂದು ಬರುವವರು. ಅವರಲ್ಲಿ ಕೇಳಿದ. ಒಬ್ಬ, ಹಿಂದಿನ ಸೀಟಿಗೆ ಬೆನ್ನು ಆನಿಸಲು ಒರಗು ಹಾಕಿಸು ಎಂದ. ಹಾಕಿಸಿದ. ಇನ್ನೊಬ್ಬ, ಮೈಗೆ ರಕ್ಷಣೆ ಇದ್ದರೆ ಭಯ ತಾನಾಗಿ ಹೋಗುತ್ತದೆ ಎಂದ. ಅದೂ ಆಯಿತು. ಹೆಲ್ಮೆಟ್, ಕೈಗವಸು, ಮೊಣಕಾಲಿಗೆ ಕವಚ, ಹೆಗಲಿಗೂ ಮೊಣಕೈಗೂ ಗಟ್ಟಿ ಪ್ಯಾಡು ಕೂರಿಸಿದ ಜಾಕೆಟ್ಟು. ತನಗೊಂದು ಜೊತೆ, ಅವಳಿಗೊಂದು ಜೊತೆ. ಅವನನ್ನು ಜಿಪುಣ ಅನ್ನಬೇಡ ಮತ್ತೆ. ಅವಳ ತಲೆಯ ಅಳತೆಯನ್ನು ದಾರ ಹಿಡಿದು ತೆಗೆದುಕೊಂಡು ಹೋಗಿ ತಂದಿದ್ದ. ಹೆಲ್ಮೆಟ್ಟು ಕಪಾಟಿನ ಮೇಲೆ ಕುಂಬಳಕಾಯಿಯ ಹಾಗೆ ಕೂತಿತು. ಜಾಕೆಟ್ಟು ಬಾಗಿಲ ಹಿಂದಿನ ಮೊಳೆಗೆ ಬಿತ್ತು. ಅವಳು ವಾರಕ್ಕೊಮ್ಮೆ ಎರಡರ ಧೂಳನ್ನೂ ಒರೆಸುತ್ತಿದ್ದಳು.

ಕೊನೆಗೆ, ಗಾಡಿ ಸರಿಯಿದೆ, ಬಟ್ಟೆ ಸರಿಯಿದೆ, ನಾನೇ ಸರಿಯಿಲ್ಲ ಎಂದುಕೊಂಡ. ಅಲ್ಲಿಗೆ ಸ್ವಲ್ಪ ಹತ್ತಿರ ಬಂದ ಅನ್ನು. ಆದರೆ ಅಲ್ಲಿಂದ ಹೋದದ್ದು ತರಬೇತಿಗೆ. ದೂರದ ಊರಿನಲ್ಲಿ ಸವಾರಿ ಕಲಿಸುವವನೊಬ್ಬನಿದ್ದ. ಈಚಲು ಪೊದೆ ಬೆಳೆದ ಬಯಲೊಂದರಲ್ಲಿ ರಬ್ಬರಿನ ಗೂಟಗಳನ್ನು ನೆಟ್ಟು ಕಲಿಸುತ್ತಿದ್ದ. ಗಾಡಿ ಓಡಿಸುತ್ತ ತಲೆ ನರೆತವನು ಮತ್ತೆ ಒಂದನೇ ಕ್ಲಾಸಿಗೆ ಸೇರಿದ ಹಾಗಾಯಿತು. ಬಿಸಿಲಿನಲ್ಲಿ ಆ ಜಾಕೆಟ್ಟು ತೊಟ್ಟು ಗೂಟಗಳ ನಡುವೆ ಸುತ್ತಿದ, ಬಿದ್ದ, ಎದ್ದ, ಬೈಸಿಕೊಂಡ.

"ಗುಂಡಿ ನೋಡಿದ್ರೆ ಗುಂಡಿಗೇ ಹೋಗ್ತೀರಿ ಸ್ವಾಮಿ. ಹೋಗಬೇಕಾದ ಕಡೆ ನೋಡಿ" ಎಂದು ಕಲಿಸುವವನು ಗದರುತ್ತಿದ್ದ.

ಅದನ್ನೂ ಕಲಿತ. ಹ್ಯಾಂಡಲ್ ಪೂರ್ತಿ ತಿರುಗಿಸಿ ಕಿರುದಾರಿಯಲ್ಲಿ ಸುತ್ತುವುದು, ಓಡುವ ಗಾಡಿಯನ್ನು ಗಕ್ಕನೆ ನಿಲ್ಲಿಸುವುದು, ಎಲ್ಲ ಕಲಿತ. ಊರಿಗೆ ಬಂದು ಮನೆಯ ಮುಂದೆ ಮಾಡಿ ತೋರಿಸಿದ. ಕಾಲು ನೆಲಕ್ಕೆ ತಾಗಿಸದೆ, ಆಮೆಯ ನಡಿಗೆಯಲ್ಲಿ, ರಂಗೋಲಿ ಅಳಿಸದ ಹಾಗೆ ಅದರ ಸುತ್ತ ಸುತ್ತಿದ. ಎದುರುಮನೆಯವರು ಚಪ್ಪಾಳೆ ತಟ್ಟಿದರು.

"ಬಿಸಿಲು ಜಾಸ್ತಿಯಾಗಿದೆ, ಒಳಗೆ ಬನ್ನಿ" ಎಂದಳು ಅವಳು.

ಅವನು ಗಾಡಿ ನಿಲ್ಲಿಸಿ ಮೆಟ್ಟಿಲ ಮೇಲೆ ಕುಸಿದು ಕೂತ. ಜಾಕೆಟ್ಟಿನೊಳಗೆ ಮೈಯೆಲ್ಲ ಬೆವೆತಿತ್ತು. ಹೆಲ್ಮೆಟ್ ತೆಗೆಯಲೂ ಕೈ ಏಳಲಿಲ್ಲ. ಗಾಡಿಯನ್ನು ನೋಡಿದರೆ ಈಗ ಅವನಿಗೆ ಖುಷಿಯೂ ಆಗುತ್ತಿರಲಿಲ್ಲ. ಖುಷಿಗೆಂದು ಹಿಡಿದ ಹುಚ್ಚು ಯಾವಾಗ ಕೂಲಿಯಾಯಿತೋ ಅವನಿಗೇ ತಿಳಿಯಲಿಲ್ಲ.

"ಇನ್ನೇನು ಮಾಡಲೇ? ಸಾಕಾಗಿ ಹೋಗಿದೆ ನನಗೆ" ಎಂದ.

ಅವಳು ಬಾಗಿಲಲ್ಲೇ ನಿಂತು ಅವನನ್ನು ನೋಡಿದಳು. ಅವಳಿಗೂ ಸಾಕಾಗಿತ್ತು ಕರಿಬಸವಾ. ಬಸ್ಸಿನಲ್ಲಿ ನಿಂತು ಹೋಗಿ, ಹೊಸ ಗಾಡಿಗಳಿಗೆ ಚೆನ್ನಾಗಿದೆ ಚೆನ್ನಾಗಿದೆ ಎಂದು ಹೇಳಿ ಅವಳೂ ದಣಿದಿದ್ದಳು. ಒಳಗೆ ಹೋದಳು. ಬರುವಾಗ ಜಾಕೆಟ್ಟು ತೊಟ್ಟಿದ್ದಳು, ಕೈಯಲ್ಲಿ ಹೆಲ್ಮೆಟ್ಟಿತ್ತು. "ಏಳಿ, ಕೆರೆ ಏರಿ ತನಕ ಹೋಗಿ ಬರೋಣ" ಎಂದಳು.

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳು ಹತ್ತಿ ಕೂತಾಗ ಗಾಡಿ ಸ್ವಲ್ಪ ತಗ್ಗಿತು. ಆ ತಗ್ಗುವಿಕೆಗೆ ಅವನು ಎಷ್ಟು ಕಾಲದಿಂದ ಕಾದಿದ್ದನೋ, ಕಣ್ಣು ಒದ್ದೆಯಾಯಿತು. ಕಲಿತದ್ದನ್ನೆಲ್ಲ ನೆನಪಿಟ್ಟುಕೊಂಡು ಓಡಿಸಿದ. ಉಬ್ಬುಗಳ ಮೇಲೆ ಗಾಡಿ ಕುಲುಕಲಿಲ್ಲ. ತಿರುವಿನಲ್ಲಿ ಹೋಗಬೇಕಾದ ಕಡೆ ನೋಡಿದ. ಊರು ದಾಟಿತು, ಕೆರೆ ಏರಿ ಬಂತು, ಅದನ್ನೂ ದಾಟಿದ. ದಾರಿ ಖಾಲಿಯಾಯಿತು. ಸಂತೋಷಕ್ಕೆ ಕೈ ತಾನಾಗಿ ತಿರುಗಿತು, ವೇಗ ಏರಿತು. ಗಾಳಿ ಬೀಸಿತು. ಹೆಲ್ಮೆಟ್ಟಿನೊಳಗೆ ಅವನು ಏನೋ ಹಾಡಿಕೊಳ್ಳುತ್ತಿದ್ದ.

ತುಂಬ ದೂರ ಹೋದ ಮೇಲೆ ಕನ್ನಡಿಯಲ್ಲಿ ಏನೋ ಅಲುಗಿದ ಹಾಗೆ ಕಂಡಿತು. ಗಮನಿಸಿ ನೋಡಿದ. ಅವಳ ಕೈ. ಅವನ ಹೆಗಲ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. ಗಾಬರಿಯಿಂದ ಪಕ್ಕಕ್ಕೆ ತೆಗೆದು ನಿಲ್ಲಿಸಿದ.

ಅವಳು ಇಳಿದು ಹೆಲ್ಮೆಟ್ ತೆಗೆದಳು. ಮುಖ ಬಿಳಿಚಿಕೊಂಡಿತ್ತು.

"ಎಷ್ಟು ಹೊತ್ತಿನಿಂದ ತಟ್ತಾ ಇದ್ದೆ ರೀ. ನಿಧಾನ ಅಂತ."

"ಅಯ್ಯೋ, ನನಗೆ ಗೊತ್ತೇ ಆಗಲಿಲ್ಲ ಕಣೇ." ಅವನು ತನ್ನ ಹೆಗಲನ್ನು ಗುದ್ದಿ ತೋರಿಸಿದ. ಟಕ್ ಟಕ್ ಎಂದು ಸದ್ದಾಯಿತು. "ನೋಡು, ಈ ಪ್ಯಾಡು ಎಷ್ಟು ಗಟ್ಟಿ ಇದೆ. ಇದರೊಳಗೆ ಏನು ತಾನೆ ತಿಳಿಯುತ್ತೆ? ಇದನ್ನ ತೆಗೆಸಿಹಾಕ್ತೀನಿ ಬಿಡು. ಬೇರೆ ಜಾಕೆಟ್ ತಗೊಂಡ್ರಾಯ್ತು."

ಅವಳು ರಸ್ತೆಯ ಪಕ್ಕದ ಮೋರಿಯ ಕಟ್ಟೆಯ ಮೇಲೆ ಕೂತಳು. ಜಗಳಕ್ಕೆ ಬಂದವಳ ಧ್ವನಿಯಲ್ಲ ಅದು, ದಿನದ ಕೆಲಸ ಮುಗಿಸಿ ಕೂತವಳ ಧ್ವನಿ.

"ನಾವು ಬಿದ್ದೆವಲ್ಲ, ಅವತ್ತೂ ತಟ್ಟಿದ್ದೆ. ಅವತ್ತು ನಿಮ್ಮ ಮೈ ಮೇಲೆ ಬರೀ ಅಂಗಿ ಇತ್ತು."

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯ ಕಡೆ ಯಾರೋ ಹಂಡೆ ಉಜ್ಜುತ್ತಿದ್ದರು. ಕರಿಬಸವ ಮುಂದಿನದಕ್ಕೆ ಕಾದ. ಮುಂದಿನದು ಬರಲಿಲ್ಲ.

"ಅವನು ಏನು ಹೇಳಿದ ಬುದ್ಧಿ?"

"ಗಾಡಿ ಹಿಡಿದುಕೊಂಡು ದಾರಿಯ ಪಕ್ಕ ನಿಂತ, ಅಷ್ಟೇ."

ಕರಿಬಸವನಿಗೆ ಆ ಸವಾರನ ಮೇಲೆ ಕನಿಕರ ಉಕ್ಕಿತು. ಅಷ್ಟೆಲ್ಲ ಅಲೆದು, ಅಷ್ಟೆಲ್ಲ ಕಲಿತು, ಕೊನೆಗೆ ದಾರಿಯ ಪಕ್ಕ ಹೀಗೆ ನಿಲ್ಲುವುದೆಂದರೆ ಯಾರಿಗಾದರೂ ಸಂಕಟವೇ. ಅವನು ಕಂಬ ಬಿಟ್ಟು ನೆಟ್ಟಗೆ ಕೂತ. "ಗಾಳಿ ಜೋರಾಗಿರುತ್ತದೆ, ಎಂಜಿನ್ನಿನ ಸದ್ದು ಬೇರೆ. ಬರೀ ಅಂಗಿ ಇದ್ದರೂ ಅವನಿಗೆ ತಿಳಿಯದೆ ಹೋಗಿರಬಹುದು ಬುದ್ಧಿ. ತಿಳಿದಿದ್ದರೆ ನಿಲ್ಲಿಸುತ್ತಿರಲಿಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ನಿನ್ನ ಮಗಳು ಆ ಸಂಬಂಧ ಬೇಡ ಎಂದದ್ದು ನಿನಗೆ ಕೇಳಿಸಿತ್ತೋ, ಇಲ್ಲವೋ?"